ಎಂಬಿಎ ಫೀಸಿಗೆ ಅಮ್ಮನ ಬಳೆ ಅಡ ಇಡೋದಾ, ಬ್ಯಾಂಕ್ ಸಾಲ ಮಾಡೋದಾ?

ಪ್ರಶ್ನೆ (ಶಿಡ್ಲಘಟ್ಟದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಪಕ್ಕ ಒಂದು ಹಳ್ಳಿ. ಬಿಕಾಂನಲ್ಲಿ 71% ಬಂದಿದೆ. ಮನೆಯಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕುತ್ತೇವೆ. ಎಂಬಿಎ ಸೀಟಿಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದಿದ್ದೇನೆ, ರ‍್ಯಾಂಕ್ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಒಂದು ಕಾಲೇಜಿನವರು ದಿನಾ ಫೋನ್ ಮಾಡುತ್ತಿದ್ದಾರೆ. ಮ್ಯಾನೇಜ್‌ಮೆಂಟ್ ಸೀಟು, ಎರಡು ವರ್ಷಕ್ಕೆ 7 ಲಕ್ಷ. ಈ ವಾರವೇ 50 ಸಾವಿರ ಕಟ್ಟಬೇಕಂತೆ.

ನಿನ್ನೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಅಮ್ಮ ಕೈಯಲ್ಲಿದ್ದ ಎರಡು ಬಳೆ ಬಿಚ್ಚಿ ನನ್ನ ಮುಂದೆ ಇಟ್ಟರು. "ಅಡ ಇಟ್ಟು ಕಟ್ಟು, ಮುಂದಿನ ಬೆಳೆಗೆ ಬಿಡಿಸಿಕೊಳ್ಳೋಣ" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಹೋದ ಬೆಳೆಯಲ್ಲಿ ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಅರ್ಧ ಹುಳು ಸತ್ತಿದ್ದವು. ಏನು ಮಾಡಲಿ?

ಉತ್ತರ 1 (ತುಮಕೂರಿನಿಂದ)

ತಂಗಿ, ಮೊದಲು ಆ ಬಳೆ ವಾಪಸ್ ಕೊಡು. 50 ಸಾವಿರ ಕಟ್ಟಬೇಡ. ರ‍್ಯಾಂಕ್ ಬರುವ ಮೊದಲೇ ಅವಸರ ಮಾಡುವುದು ಅವರಿಗೆ ಬೇಕು, ನಿನಗಲ್ಲ.

ನಾನು 2019ರಲ್ಲಿ ಪಿಜಿಸಿಇಟಿ ಸೀಟಿನಲ್ಲೇ ಎಂಬಿಎ ಸೇರಿದವನು. ಫೀಸು, ಹಾಸ್ಟೆಲ್ ಎಲ್ಲ ಸೇರಿ 3 ಲಕ್ಷ 60 ಸಾವಿರ ಸಾಲ ಮಾಡಿದೆ. 4 ಲಕ್ಷದವರೆಗೆ ಬ್ಯಾಂಕಿನವರು ಆಸ್ತಿ ಅಡಮಾನ ಕೇಳುವ ಹಾಗಿಲ್ಲ, ನಮ್ಮ ಕೈಯಿಂದ ಪಾಲೂ ಹಾಕಬೇಕಿಲ್ಲ. ಅಪ್ಪ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಆದರೂ ನಮ್ಮೂರ ಶಾಖೆಯ ಮ್ಯಾನೇಜರ್ "ಜಮೀನಿನ ಪತ್ರ ತನ್ನಿ" ಅಂತ ಮೂರು ಸಲ ಓಡಾಡಿಸಿದರು. ಆಮೇಲೆ ಶಿಕ್ಷಣ ಸಾಲಕ್ಕೆ ಆನ್‌ಲೈನ್ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಅಲ್ಲಿ ಹಾಕಿದ್ದಕ್ಕೆ ದಾಖಲೆ ಇರುತ್ತೆ, ಬಾಯಿಮಾತಲ್ಲಿ ಸಾಗಹಾಕಲು ಆಗಲ್ಲ. ನೀನೂ ಹಾಗೇ ಮಾಡು.

ಈಗ ಬಡ್ಡಿ ವಿಷಯ. ಇದನ್ನ ನನಗೆ ಯಾರೂ ಹೇಳಲಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅಂತ ನಿಶ್ಚಿಂತೆಯಾಗಿದ್ದೆ. ಕಂತು ಇಲ್ಲದಿದ್ದರೂ ಬಡ್ಡಿ ಓಡುತ್ತಲೇ ಇರುತ್ತೆ. ವರ್ಷಕ್ಕೆ 1.8 ಲಕ್ಷದಂತೆ ಬಿಡುಗಡೆ ಆಯ್ತು, ಬಡ್ಡಿ 10%. ಮೊದಲ ವರ್ಷ 18 ಸಾವಿರ, ಎರಡನೇ ವರ್ಷ 36, ಮೂರನೇ ವರ್ಷ ಮತ್ತೆ 36. ಕಂತು ಶುರುವಾಗುವ ಹೊತ್ತಿಗೆ 3.6 ಲಕ್ಷದ ಸಾಲ 4.5 ಲಕ್ಷ ಆಗಿತ್ತು. ಪಾಸ್‌ಬುಕ್ ಹಿಡಿದು ಬ್ಯಾಂಕಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಆ 90 ಸಾವಿರ ನಾನು ಕಟ್ಟಬೇಕಾಗಿಯೇ ಇರಲಿಲ್ಲ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮಾನ್ಯತೆ ಇದ್ದರೆ, ಆ ಅವಧಿಯ ಬಡ್ಡಿ ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ನಾನು ಆದಾಯ ಪ್ರಮಾಣಪತ್ರ ಕೊಟ್ಟಿರಲಿಲ್ಲ, ಬ್ಯಾಂಕಿನವರೂ ಕೇಳಲಿಲ್ಲ. ನೀನು ಸಾಲದ ಅರ್ಜಿಯ ಜೊತೆಗೇ ಅದನ್ನ ಕೊಟ್ಟು, ಸ್ವೀಕೃತಿ ತಗೋ. ಈ ಅನುಕೂಲ ಇರೋದು ಪಿಜಿಸಿಇಟಿಯಂಥ ಪರೀಕ್ಷೆಯ ರ‍್ಯಾಂಕ್ ಮೇಲೆ ಸಿಗುವ ಮೆರಿಟ್ ಸೀಟಿಗೆ. 7 ಲಕ್ಷದ ಮ್ಯಾನೇಜ್‌ಮೆಂಟ್ ಸೀಟಿಗೆ ಹೋದರೆ ಇದೂ ಕೈ ತಪ್ಪುತ್ತೆ.

ಉತ್ತರ 2 (ಕೋಲಾರದಿಂದ, ಕಾಮರ್ಸ್ ಮೇಡಂ)

ನೋಡಮ್ಮ, ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಸೇರಿಸುವುದು ಕಾಗದದ ವಿಷಯ ಮಾತ್ರ. ಪ್ರತಿ ವರ್ಷ ನನ್ನ ಮಕ್ಕಳು ಇಲ್ಲೇ ಮುಗ್ಗರಿಸುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ ಇರುತ್ತಲ್ಲ, ಅದು ಚಾಲ್ತಿಯಲ್ಲಿದೆಯಾ ನೋಡಿಕೊ. ನಿನ್ನ ಹೆಸರು, ಅಪ್ಪನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆದರೂ ತೊಂದರೆ. ಕಳೆದ ವರ್ಷ ಒಬ್ಬ ಹುಡುಗಿ ಇದಕ್ಕೇ ಎರಡು ದಿನ ಅತ್ತಳು.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ರ‍್ಯಾಂಕ್ ಬಂದ ಮೇಲೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವಾಗ, ನಿನಗೆ ನಿಜವಾಗಿ ಬೇಕಾದ ಕಾಲೇಜನ್ನೇ ಮೊದಲು ಹಾಕು. ರ‍್ಯಾಂಕ್ ಕಡಿಮೆ ಅಂತ ಹೆದರಿ ಕೆಳಗೆ ಹಾಕಬೇಡ. ತುಮಕೂರು ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ, ಅದನ್ನೂ ಪಟ್ಟಿಯಲ್ಲಿ ಇಟ್ಟುಕೊ. ಬೆಂಗಳೂರೇ ಆಗಬೇಕು ಅಂತೇನಿಲ್ಲ ಅಲ್ವಾ?

ಪ್ರಶ್ನೆ ಕೇಳಿದವರು

ಅಣ್ಣ, ಮೇಡಂ, ತುಂಬಾ ಥ್ಯಾಂಕ್ಸ್. ಬಳೆ ಅಮ್ಮನ ಕೈಗೇ ಹಾಕಿದೆ. 90 ಸಾವಿರದ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ, ಎರಡು ಸಲ ಕೇಳಿಸಿಕೊಂಡರು. ನಮ್ಮ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಹುಳು ಹಣ್ಣಾಗಿವೆ, ಗೂಡು ಕಟ್ಟಲು ಇವತ್ತು ಚಂದ್ರಂಕಿಗೆ (ಬಿದಿರಿನ ತಟ್ಟಿಗೆ) ಬಿಡಬೇಕು. ನಾಳೆ ಬೆಳಗ್ಗೆಯೇ ಅಪ್ಪನ ಜೊತೆ ನಾಡಕಚೇರಿಗೆ ಹೋಗುತ್ತೇನೆ.