ಅಪ್‌ಡೇಟ್: ಬ್ಲೂ-ರೇ ಪ್ಲೇಯರ್ ತಗೊಂಡೆ

ಮನೇಲಿ ಸಿನಿಮಾ ನೋಡೋಕೆ ಕಡಿಮೆ ಬೆಲೆಯ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡೋ ಡಿಸ್ಕ್) ಪ್ಲೇಯರ್ ಯಾವುದು ತಗೊಳ್ಳಲಿ, 4ಕೆ ಬೇಕಾ ಅಂತ ಕೇಳಿದ್ದೆನಲ್ಲ, ಕೊನೆಗೆ ಸೆಕೆಂಡ್ ಹ್ಯಾಂಡ್ 1080ಪಿ, ಅಂದ್ರೆ ಫುಲ್ ಎಚ್‌ಡಿ ಪ್ಲೇಯರೇ ತಗೊಂಡೆ. ನಮ್ಮದು 40 ಇಂಚಿನ ಫುಲ್ ಎಚ್‌ಡಿ ಟಿವಿ, ಅದಕ್ಕೆ 4ಕೆ ಅಂದ್ರೆ ದುಡ್ಡು ದಂಡ.

ರೀಜನ್ (ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತೆ ಅನ್ನೋ ಗುರುತು) ನೋಡ್ಕೊಳ್ಳಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಭಾರತ ಸಿ, ಅಮೆರಿಕ ಎ. ಅಕ್ಕ ಅಲ್ಲಿಂದ ಡಿಸ್ಕ್ ತರ್ತೀನಿ ಅಂದಾಗ, ಕವರ್ ಹಿಂದೆ ಎ, ಬಿ, ಸಿ ಮೂರೂ ಇರೋದನ್ನೇ ತಾ ಅಂದೆ. ಎಲ್ಲವೂ ಓಡ್ತಿವೆ.

ಸೆಟ್ಟಿಂಗ್ಸ್‌ನಲ್ಲಿ 24 ಫ್ರೇಮ್ ಔಟ್‌ಪುಟ್ (ಸಿನಿಮಾದಲ್ಲಿ ಇರೋ ಹಾಗೇ ಸೆಕೆಂಡಿಗೆ 24 ಚಿತ್ರ ಕಳಿಸೋದು) ಆನ್ ಮಾಡೋದು ಮರೀಬೇಡಿ. ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಬರ್ತಿದ್ದ ಜರ್ಕ್ ಹೋಯ್ತು. ಕತ್ತಲೆ ದೃಶ್ಯದಲ್ಲೂ ಕೋಟಿನ ನೂಲು ಎಳೆ ಎಳೆಯಾಗಿ ಕಾಣುತ್ತೆ. ಸ್ಟ್ರೀಮಿಂಗ್‌ನಲ್ಲಿ ಅಲ್ಲೆಲ್ಲ ಬರೀ ಚೌಕ ಚೌಕ. ಅಪ್ಪನ ಹಳೇ ಡಿವಿಡಿಗಳೂ ಇದರಲ್ಲೇ ಓಡ್ತವೆ.

ಸೌಂಡ್‌ಬಾರ್ ಬಗ್ಗೆ ಸಲಹೆ ಇದ್ದರೆ ಹೇಳಿ.