ಎಸಿ, ವಾಷಿಂಗ್ ಮಷೀನಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಕಾಸರಗೋಡು ಕಡೆಯವರಿಗೆ ಪ್ರಯೋಜನ ಉಂಟಾ?

ಸುರಂಗನೀರು:
ಮಂಗಳೂರಿನ ಅಂಗಡಿಯಲ್ಲಿ ಮೂರು ಸಾಮಾನು ನೋಡಿಟ್ಟಿದ್ದೇವೆ. 8 ಕಿಲೋ ಫ್ರಂಟ್ ಲೋಡ್ ಮಷೀನ್ 34,000 ರೂ., ಕಂಪನಿ ವಾರಂಟಿ 2 ವರ್ಷ; ಮುಂದಿನ 3 ವರ್ಷಕ್ಕೆ 5,200 ಕೊಡಿ ಅಂತಾರೆ. ಒಂದೂವರೆ ಟನ್ ಎಸಿಗೆ 4 ವರ್ಷದ ಪ್ಲಾನ್ 6,500. ಆರ್‌ಒ ಫಿಲ್ಟರಿಗೆ ವರ್ಷಕ್ಕೆ 4,500ರ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ). ಮನೆ ಬದಿಯಡ್ಕದಿಂದ ಒಳಗೆ, ನೀರು ಸುರಂಗದ್ದು (ಗುಡ್ಡಕ್ಕೆ ಅಡ್ಡ ಕೊರೆದದ್ದು), ಮಳೆಗಾಲದಲ್ಲಿ ಕೆಂಪು. ಯಾವುದಕ್ಕೆ ದುಡ್ಡು ಹಾಕಬಹುದು?

ಪೆರ್ಲದ ಫ್ಯೂಸ್:
ದರ ಆಮೇಲೆ, ಮೊದಲು ಪ್ಲಾನ್ ಯಾರದ್ದು ನೋಡಿ. ಕಂಪನಿಯದ್ದಾದರೆ ದೂರು ಪಿನ್‌ಕೋಡ್ ಪ್ರಕಾರ ಹೋಗುತ್ತದೆ. ನಿಮ್ಮದು 671ರದ್ದು, ಹಾಗಾಗಿ ಕೇರಳದ ಸರ್ವಿಸ್ ಸೆಂಟರಿಗೆ. ಅಂಗಡಿಯದ್ದೇ ಪ್ಲಾನ್ ಆದರೆ ಅವರ ಮೆಕ್ಯಾನಿಕ್ ಗಡಿಯ ತಲಪಾಡಿ ದಾಟಿ ಬರುತ್ತಾನಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ‘ಬರ್ತಾರೆ ಬರ್ತಾರೆ’ ಅನ್ನುವುದು ಮಾರುವ ದಿನದ ಮಾತು.

ಮಷೀನಿನ ಪ್ಲಾನ್ ಬೆಲೆಯ ಶೇ. 15 ಆಯಿತು. 3ರಿಂದ 5ನೇ ವರ್ಷದೊಳಗೆ ಹೋಗುವುದು ಡ್ರೈನ್ ಪಂಪ್, ಡೋರ್ ಲಾಕ್, ಇನ್‌ಲೆಟ್ ವಾಲ್ವ್. ಇವು ಕೈಯಿಂದ ಕೊಟ್ಟರೂ ತಡೆದೀತು. ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಹೋದರೆ ಮಾತ್ರ ಪ್ಲಾನ್ ಗೆದ್ದಂತೆ. ನಿಜವಾಗಿ ಕೈ ಸುಡುವುದು ಡ್ರಮ್ ಬೇರಿಂಗ್: ಸೀಲ್ ಸವೆದು ನೀರು ಇಳಿದು ತುಕ್ಕು ಹಿಡಿಯುತ್ತದೆ. ಟಬ್ ಬೆಸೆದ ಮಾಡೆಲ್‌ಗಳಲ್ಲಿ ಬೇರಿಂಗ್ ಒಂದನ್ನೇ ಬದಲಿಸಲಾಗದು, ಇಡೀ ಟಬ್ ಸೆಟ್ ಹಾಕಬೇಕು. ಆದರೆ ಅದು ಹೆಚ್ಚಾಗಿ ಪ್ಲಾನ್ ಮುಗಿದ ಮೇಲೆಯೇ ಬರುವ ರೋಗ. ನನ್ನ ಮತ ಬೇಡ ಅಂತ. ‘ಮೋಟರಿಗೆ 10 ವರ್ಷ’ ಅನ್ನುವುದು ಬರೇ ಮೋಟರಿಗೆ. ಕೂಲಿ, ಬೋರ್ಡು ಅದರಲ್ಲಿ ಇಲ್ಲ.

ಕೆಂಪು ನೀರಿಗೆ ಇನ್‌ಲೆಟ್ ಪೈಪ್ ಮಷೀನಿಗೆ ಸೇರುವಲ್ಲಿ ಒಂದು ಸಣ್ಣ ಜಾಳಿಗೆ ಇರುತ್ತದೆ, ಮಳೆಗಾಲದಲ್ಲಿ ಆಗಾಗ ಇಕ್ಕುಳದಲ್ಲಿ ಎಳೆದು ಬ್ರಶ್ ಹಾಕಿ. ‘ನೀರು ಬರುತ್ತಿಲ್ಲ’ ಎಂಬ ಎರರ್‌ಗೆ ಕಾರಣ ಬಹಳ ಸಲ ಅಲ್ಲಿ ಕೂತ ಕೆಸರೇ.

ಅರ್ತಿಂಗ್_ಅಣ್ಣ:
ಎಸಿ ಪ್ಲಾನಿನ ಹಿಂಬದಿಯ ಸಣ್ಣಕ್ಷರ ಓದಿ. ಸಿಡಿಲು, ವೋಲ್ಟೇಜ್ ಏರಿಳಿತ, ಇಲಿ-ಹಲ್ಲಿ-ಇರುವೆ ಇವೆಲ್ಲ ಸಾಮಾನ್ಯವಾಗಿ ಹೊರಗೆ. ನಮ್ಮಲ್ಲಿ ಎಸಿ ಬೋರ್ಡು ಹೋಗುವುದೇ ಇವುಗಳಿಂದ! ತುಲಾ ತಿಂಗಳ ಸಿಡಿಲು ಒಂದು ಕಡೆ. ಇನ್ನೊಂದು, ಔಟ್‌ಡೋರ್ ಡಬ್ಬಿಯ ಬೆಚ್ಚಗೆಗೆ ಹಲ್ಲಿ ಬೋರ್ಡಿನ ಮೇಲೆ ಅಡ್ಡ ಮಲಗಿ ಎರಡು ಟರ್ಮಿನಲ್ ಮುಟ್ಟಿದರೆ ಅದೂ ಹೋಯಿತು, ಬೋರ್ಡೂ ಹೋಯಿತು.

ಆ 6,500ರಲ್ಲಿ ಮನೆಯ ಮೇನ್ ಬೋರ್ಡಿಗೆ ಟೈಪ್ 2 ಎಸ್‌ಪಿಡಿ (ಸಿಡಿಲಿಗೆ ನುಗ್ಗುವ ವೋಲ್ಟೇಜ್, ಅಂದರೆ ಸರ್ಜ್, ಅದನ್ನು ಅರ್ತಿಗೆ ಇಳಿಸುವ ಸಾಧನ) ಹಾಕಿಸಿ. ಅದರ ವಯರ್ ಒಟ್ಟು ಅರ್ಧ ಮೀಟರ್ ಒಳಗಿರಲಿ. ಉದ್ದ ಬಿಟ್ಟರೆ ಹಾಕಿಯೂ ಹಾಕದಂತೆ. ಸ್ಟೆಬಿಲೈಸರ್ ಸಿಡಿಲಿಗೆ ಮದ್ದಲ್ಲ, ಅದರ ರಿಲೇ ಎಳೆಯುವಷ್ಟರಲ್ಲಿ ಸರ್ಜ್ ದಾಟಿರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಜಾಗದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗುತ್ತದೆ, ನೀರು ಹೊಯ್ಯುತ್ತಿರಿ. ಉಪ್ಪಳ, ಕುಂಬಳೆಯ ಕಡಲ ಬದಿಯವರಾದರೆ ಲೆಕ್ಕ ಬೇರೆ: ಉಪ್ಪುಗಾಳಿಗೆ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆ) ತೂತಾಗುತ್ತದೆ. ಕಾಯಿಲ್ ಮತ್ತು ಗ್ಯಾಸ್ ಎರಡೂ ಸೇರಿದೆ ಅಂತ ಬರೆದಿದ್ದರೆ ಅವರು ಪ್ಲಾನ್ ತಗೊಳ್ಳಲಿ.

ಟಿಡಿಎಸ್_ಮೀಟರ್:
ಆರ್‌ಒ ಎಎಂಸಿ ಇರಲಿ, ಆರ್‌ಒ ಬೇಕಾ? ಮುರಕಲ್ಲಿನ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಸಾಮಾನ್ಯವಾಗಿ ತೀರಾ ಕಡಿಮೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಲೀಟರಿಗೆ 500 ಮಿಲಿಗ್ರಾಂ. ಮೀಟರ್ ಅಗ್ಗಕ್ಕೆ ಸಿಗುತ್ತದೆ, ಮೊದಲು ಅಳೆಯಿರಿ. ಕಡಿಮೆ ಇದ್ದರೆ ಆರ್‌ಒ ಹಾಕಿ ನೀರು ಚೆಲ್ಲುವುದಷ್ಟೇ.

ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ಒಂದು ರಾತ್ರಿ ಬಿಡಿ. ಕೆಂಪು ಅಡಿಗೆ ಕೂತು ಮೇಲೆ ತಿಳಿಯಾದರೆ ಬರೇ ಮಣ್ಣು: 5 ಮೈಕ್ರಾನ್ ಕಾರ್ಟ್ರಿಜ್, ಆಮೇಲೆ ಯುವಿ (ಬೆಳಕಿನಿಂದ ರೋಗಾಣು ಕೊಲ್ಲುವ ಲ್ಯಾಂಪ್) ಸಾಕು. ಹಿಡಿದಾಗ ತಿಳಿ ಇದ್ದದ್ದು ಬೆಳಿಗ್ಗೆಗೆ ಕೆಂಪಾದರೆ ಕಬ್ಬಿಣ. ಅದನ್ನು ತೆಗೆಯದೆ ಯುವಿ ಹಾಕಿದರೆ ಲ್ಯಾಂಪಿನ ಗಾಜಿಗೆ ಪದರ ಕೂತು ಬೆಳಕು ನೀರಿಗೆ ತಲುಪದು. ಕೋಲಿಫಾರ್ಮ್ (ನೀರು ಕಲುಷಿತವಾದ ಸೂಚನೆ ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕೇರಳ ವಾಟರ್ ಅಥಾರಿಟಿಯ ಲ್ಯಾಬ್ ಉಂಟು.

ಸುರಂಗನೀರು:
ಆರ್‌ಒ ಕೈಬಿಟ್ಟೆವು. ಮನೆಯವರು ಮಷೀನಿಗೆ ಪ್ಲಾನ್ ಬೇಕೇ ಬೇಕು ಅಂತಿದ್ದಾರೆ. ತಗೊಂಡು ಆಮೇಲೆ ಯಾರೂ ಬರದಿದ್ದರೆ?

ಪೆರ್ಲದ ಫ್ಯೂಸ್:
ಹಾಗಾದರೆ ಬಿಲ್ಲಿನಲ್ಲಿ ಮಷೀನಿನ ಸೀರಿಯಲ್ ನಂಬರ್, ಪ್ಲಾನ್ ಶುರುವಾಗುವ ತಾರೀಕು ಎರಡೂ ಇರಲಿ. ಕೆಲವು ಪ್ಲಾನ್ ಕೊಂಡ ದಿನದಿಂದಲೇ ಎಣಿಸುತ್ತವೆ, ಆಗ 3 ವರ್ಷದಲ್ಲಿ 2 ವರ್ಷ ಕಂಪನಿ ವಾರಂಟಿಯೊಳಗೇ ಕರಗಿತು. ಬರದಿದ್ದರೆ ದೂರಿನ ನಂಬರ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. ಕೊಂಡದ್ದು ಮಂಗಳೂರಿನಲ್ಲಾದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ವಾಸದ ಜಾಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಫೀಸಿಲ್ಲ.