ಟಾಪ್ 10 ಲಿಸ್ಟ್ ಕಳಿಸಿದ್ದು ಮಾವ, ಜಗಳ ಶುರುವಾಗಿದ್ದು ಟೋರ್ಟಿಯಾಕ್ಕೆ

ಗ್ರೂಪ್: ತೋಟದಮನೆ ಬಳಗ

(ಪ್ರಶಾಂತ್, ಮೇಘನಾ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾರೆ. ಅವನಿಗೆ ಆಫೀಸ್ ಕೆಲಸ, ಅವಳಿಗೆ ರಜೆ. ವಿದ್ಯಾ ಇರುವುದು ಫ್ರೀಮಾಂಟ್‌ನಲ್ಲಿ, ಶಶಿ ಹ್ಯೂಸ್ಟನ್‌ನಲ್ಲಿ, ಗುರು ಭಾವ ಧಾರವಾಡದಲ್ಲಿ. ಮಾವ, ಅತ್ತೆ ಮೈಸೂರಿನಲ್ಲಿ. ಮೈಸೂರಿನಲ್ಲಿ ಶನಿವಾರ ರಾತ್ರಿ, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಕಾಫಿ ಹೊತ್ತು.)

ರಘು ಮಾವ: [ಫಾರ್ವರ್ಡ್ ಮಾಡಲಾಗಿದೆ] ಸ್ಯಾನ್ ಫ್ರಾನ್ಸಿಸ್ಕೋದ ಟಾಪ್ 10 ಮೆಕ್ಸಿಕನ್ ರೆಸ್ಟೋರೆಂಟ್‌ಗಳು!! ಹೋಗುವ ಮುನ್ನ ತಪ್ಪದೆ ನೋಡಿ!!

ರಘು ಮಾವ: ಪ್ರಶಾಂತ, ನಿನಗೇ ಕಳಿಸಿದ್ದು. ಮೇಘನಾ ಮೆಕ್ಸಿಕನ್ ತಿನ್ನಬೇಕು ಅಂದಿದ್ದಳಲ್ಲ. ಮೇಲಿನ ಮೂರಕ್ಕೆ ಹೋಗಿಬಿಡಿ. ತಲೆಬಿಸಿ ಇಲ್ಲ.

ಪ್ರಶಾಂತ್: ಥ್ಯಾಂಕ್ಸ್ ಮಾವ 🙏

ಸುಧಾ ಅತ್ತೆ: ಅಮೆರಿಕಾಕ್ಕೆ ಹೋಗಿ ಮೆಕ್ಸಿಕೋ ಊಟ ಯಾಕೋ?

ವಿದ್ಯಾ: ಅತ್ತೆ, 1848ರವರೆಗೆ ಕ್ಯಾಲಿಫೋರ್ನಿಯಾ ಮೆಕ್ಸಿಕೋದ್ದೇ. ಈ ಊಟ ಇಲ್ಲಿಗೆ ಹೊರಗಿನದಲ್ಲ.

ವಿದ್ಯಾ: ಮಾವ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಈ ಲಿಸ್ಟ್ ನೋಡಿ ನಗು ಬಂತು. ಹತ್ತರಲ್ಲಿ ಒಂದೂ ಈ ಊಟಕ್ಕೆ ಹೆಸರಾದ ಮಿಷನ್ ಬಡಾವಣೆಯದ್ದಲ್ಲ. ಅರ್ಧಕ್ಕರ್ಧ ಸಮುದ್ರದ ದಂಡೆಯವು. ಒಂದಂತೂ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಹೊಗಳಿರುವುದು ಏನನ್ನು ನೋಡಿ. ಕಿಟಕಿಯಿಂದ ಕಾಣುವ ಸೇತುವೆ, ಮಾರ್ಗರಿಟಾ ಗ್ಲಾಸಿನ ಗಾತ್ರ, ಗೋಡೆಗೆ ನೇತು ಹಾಕಿದ ದೊಡ್ಡ ಟೋಪಿ. ಟೋರ್ಟಿಯಾ, ಅಂದರೆ ಅವರ ರೊಟ್ಟಿ, ಹೇಗಿತ್ತು ಅಂತ ಒಂದು ಸಾಲೂ ಇಲ್ಲ.

ರಘು ಮಾವ: ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್ ಇದೆಯಮ್ಮಾ. ಅಷ್ಟು ಜನ ಸುಳ್ಳು ಹೇಳುತ್ತಾರಾ?

ವಿದ್ಯಾ: ಸುಳ್ಳಲ್ಲ ಮಾವ. ಸಂಜೆ ಚೆನ್ನಾಗಿತ್ತು, ಗಾಳಿ ಚೆನ್ನಾಗಿತ್ತು, ಬಡಿಸಿದವನು ನಗುನಗುತ್ತಾ ಮಾತಾಡಿದ. ಅದಕ್ಕೆ ಸ್ಟಾರ್. ಊಟಕ್ಕೆ ಎಷ್ಟು ಅಂತ ಆ ಸ್ಟಾರ್ ಹೇಳುವುದಿಲ್ಲ.

ಪ್ರಶಾಂತ್: ಅಕ್ಕ, ನನಗೆ ಇಷ್ಟೆಲ್ಲ ಬೇಡ. ಬೆಂಗಳೂರಿನಲ್ಲಿ ಆಫೀಸ್ ಹತ್ತಿರ ಕ್ಯಾಲಿಫೋರ್ನಿಯಾ ಬರ್ರಿಟೋ ಅನ್ನುವ ಹೋಟೆಲಿನಲ್ಲಿ ಪನೀರ್ ಹಾಕಿಸಿಕೊಂಡು ತಿನ್ನುವವನು ನಾನು. ಟೇಬಲ್ ಬುಕ್ ಮಾಡಬೇಕಿಲ್ಲದ, ಚಪ್ಪಲಿ ಹಾಕಿಕೊಂಡೇ ಹೋಗಬಹುದಾದ ಜಾಗ ಸಾಕು.

ವಿದ್ಯಾ: ಅದಕ್ಕೇ ಮಿಷನ್ ಅಂದಿದ್ದು! ನೀನು ತಿನ್ನುವ ಕಂಪನಿಯನ್ನು 2012ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಬರ್ಟ್ ಮ್ಯುಲ್ಲರ್ ಅನ್ನುವ ಅಮೆರಿಕದ ಹುಡುಗ. ಟೋರ್ಟಿಯಾದೊಳಗೆ ಅನ್ನ, ಬೀನ್ಸ್, ಸಾಲ್ಸಾ ಎಲ್ಲ ತುಂಬಿ ಫಾಯಿಲ್‌ನಲ್ಲಿ ಸುತ್ತಿ ಕೊಡುವ ಆ ದಪ್ಪ ಬರ್ರಿಟೋ ಬೆಳೆದಿದ್ದು ಮಿಷನ್‌ನಲ್ಲಿ. ಎಲ್ ಫಾರೋ ಅನ್ನುವ ಅಂಗಡಿಯವರು 1961ರಲ್ಲಿ ನಾವೇ ಮೊದಲು ಮಾಡಿದ್ದು ಅನ್ನುತ್ತಾರೆ. ವಲೆನ್ಸಿಯಾ ಬೀದಿಯ ಲಾ ಕುಂಬ್ರೆಯವರು 1969, ನಾವೇ ಅನ್ನುತ್ತಾರೆ. ಸ್ಟೀವ್ ಎಲ್ಸ್ ಅನ್ನುವವನು ಇದೇ ಊರಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದ. ಈ ಟಾಕೆರಿಯಾಗಳನ್ನು, ಅಂದರೆ ಟಾಕೋ-ಬರ್ರಿಟೋ ಅಂಗಡಿಗಳನ್ನು, ನೋಡಿಕೊಂಡು ಹೋಗಿ 1993ರಲ್ಲಿ ಡೆನ್ವರ್‌ನಲ್ಲಿ ಚಿಪೋಟ್ಲೆ ಅನ್ನುವ ಬರ್ರಿಟೋ ಹೋಟೆಲ್ ತೆಗೆದ. ನೀನು ಆಫೀಸ್ ಹತ್ತಿರ ತಿನ್ನುವುದರ ತವರುಮನೆಗೇ ಹೋಗುತ್ತಿದ್ದೀಯ. ಹೋಗಿ ಸಮುದ್ರದ ದಂಡೆಯಲ್ಲಿ ಕೂರುತ್ತೀಯಾ?

ಶಶಿ: ಬರ್ರಿಟೋಗೆ ಇಷ್ಟು ಪುರಾಣವಾ 😄 ಒಳ್ಳೆ ಮೆಕ್ಸಿಕನ್ ಬೇಕಾದರೆ ಹ್ಯೂಸ್ಟನ್‌ಗೆ ಬನ್ನಿ.

ವಿದ್ಯಾ: ನಿಮ್ಮದು ಟೆಕ್ಸ್-ಮೆಕ್ಸ್, ಟೆಕ್ಸಾಸ್ ಶೈಲಿಯ ಮೆಕ್ಸಿಕನ್. ಹಳದಿ ಚೀಸ್ ಸುರಿದು ಜೀರಿಗೆ ಹಾಕಿದರೆ ಮೆಕ್ಸಿಕನ್ ಆಗುವುದಿಲ್ಲ.

ಶಶಿ: ಇದೇ ನೋಡು ಕ್ಯಾಲಿಫೋರ್ನಿಯಾದವರ ಸೊಕ್ಕು. ಟೆಕ್ಸಾಸ್ 1836ರವರೆಗೆ ಮೆಕ್ಸಿಕೋ. ಅಲ್ಲಿದ್ದವರು ಊರು ಬಿಡಲಿಲ್ಲ, ಅವರ ಕಾಲಡಿಯ ದೇಶ ಬದಲಾಯಿತು. ಅವರ ಮನೆಯ ಅಡುಗೆಯನ್ನು ಕಲಬೆರಕೆ ಅನ್ನಲು ನೀನು ಯಾರು? ಇಲ್ಲಿ ನ್ಯಾವಿಗೇಶನ್ ರಸ್ತೆಯಲ್ಲಿ ನಿನ್ಫಾ ಲೊರೆಂಜೊ ಅನ್ನುವ ಹೆಂಗಸು ತನ್ನ ಟೋರ್ಟಿಯಾ ಫ್ಯಾಕ್ಟರಿಯಲ್ಲೇ ಹತ್ತು ಮೇಜು ಹಾಕಿ 1973ರಲ್ಲಿ ಹೋಟೆಲ್ ಶುರು ಮಾಡಿದಳು. ಗಂಡ ತೀರಿಕೊಂಡಿದ್ದ, ಮನೆ ತುಂಬ ಮಕ್ಕಳು. ಫಹೀತಾ, ಅಂದರೆ ಸುಟ್ಟ ಮಾಂಸದ ಸೀಳುಗಳನ್ನು ಟೋರ್ಟಿಯಾದಲ್ಲಿ ಸುತ್ತಿ ತಿನ್ನುವುದು, ಊರೂರಿಗೆ ಹಬ್ಬಲು ಅವಳ ಪಾಲು ದೊಡ್ಡದು. ನಿನ್ನ ಫಾಯಿಲ್ ಸುತ್ತಿದ ಬರ್ರಿಟೋ ಮೆಕ್ಸಿಕೋ ಸಿಟಿಯಲ್ಲಿ ಕೇಳಿದರೆ ನಗುತ್ತಾರೆ. ಅದು ಅಪ್ಪಟ, ನಮ್ಮದು ಕಲಬೆರಕೆಯಾ?

ಶಶಿ: [ಈ ಮೆಸೇಜ್ ಅಳಿಸಲಾಗಿದೆ]

ಸುಧಾ ಅತ್ತೆ: ಶಶಿ, ಅಳಿಸುವ ಮೊದಲೇ ಫೋಟೋ ನೋಡಿದೆ. ತಟ್ಟೆಯಲ್ಲಿ ಇದ್ದಿದ್ದು ಏನು?

ಶಶಿ: ಅಣಬೆ ಅತ್ತೆ.

ಸುಧಾ ಅತ್ತೆ: ಮೂಳೆ ಇರುವ ಅಣಬೆಯಾ?

ವಿದ್ಯಾ: 😂 ಶಶಿ ಹೇಳಿದ್ದರಲ್ಲಿ ಅರ್ಧ ಒಪ್ಪಿದೆ. ಟೆಕ್ಸಾಸ್‌ಗೆ ಹೋದರೆ ಟೆಕ್ಸಾಸ್‌ನದ್ದೇ ತಿನ್ನಬೇಕು. ನಾನು ಹೇಳುವುದೂ ಅದನ್ನೇ. ಹೋದ ಊರಿನ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನು ತಿನ್ನು. ಈ ಲಿಸ್ಟ್‌ನ ಹೋಟೆಲ್‌ಗಳನ್ನು ಎತ್ತಿ ಪ್ರವಾಸಿಗರ ಊರು ಒರ್ಲ್ಯಾಂಡೋದಲ್ಲಿ ಇಟ್ಟರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ರಘು ಮಾವ: ನೀನು ಅಲ್ಲೇ ಇರುವವಳು. ಅವನಿಗೆ ಸಿಗುವುದು ಸಂಜೆ ಒಂದೆರಡು ಗಂಟೆ, ಅದೂ ದಣಿದು ಬಂದಿರುತ್ತಾನೆ. ಬೀದಿ ಬೀದಿ ಅಲೆದು ಅಡುಗೆಮನೆ ಇಣುಕಿ ನೋಡಲು ಆಗುತ್ತದಾ? ಗೊತ್ತಿಲ್ಲದ ಊರಿನಲ್ಲಿ ಲಿಸ್ಟ್ ಒಂದು ಆಸರೆ. ಕೆಟ್ಟ ಊಟ ತಪ್ಪಿದರೆ ಸಾಕಲ್ಲ. ಅತ್ಯುತ್ತಮದ್ದೇ ಆಗಬೇಕು ಅಂತ ಏನಿದೆ?

ಮೇಘನಾ: ಮಾವ ಹೇಳಿದ್ದರಲ್ಲೂ ನಿಜ ಇದೆ ಅಕ್ಕಾ.

ರಘು ಮಾವ: ಇನ್ನೊಂದು. ಈಗಷ್ಟೇ ಹುಡುಕಿದೆ. ನಿಮ್ಮ ಮಿಷನ್‌ನ ಲಾ ಟಾಕೆರಿಯಾ ಅನ್ನುವ ಅಂಗಡಿ ಹೆಸರು ಮಾಡಿದ್ದೂ ಒಂದು ಲಿಸ್ಟ್‌ನಿಂದಲೇ. 2014ರಲ್ಲಿ ಫೈವ್‌ಥರ್ಟಿಎಯ್ಟ್ ಅನ್ನುವ ವೆಬ್‌ಸೈಟಿನವರು ಅಮೆರಿಕಾದಲ್ಲೇ ಅತ್ಯುತ್ತಮ ಬರ್ರಿಟೋ ಅಂದರಂತೆ. ಸುಮಾರು 67,000 ಅಂಗಡಿಗಳ ಸ್ಟಾರ್ ಲೆಕ್ಕ ಹಾಕಿ ಶುರು ಮಾಡಿದ್ದು. ಸ್ಟಾರ್!

ಗುರು ಭಾವ: ಮಾವ ಸಿಕ್ಸರ್ ಹೊಡೆದರು 👏

ವಿದ್ಯಾ: ಪೂರ್ತಿ ಓದಿ ಮಾವ. ಸ್ಟಾರ್ ನೋಡಿ 64ಕ್ಕೆ ಇಳಿಸಿದರು. ಆಮೇಲೆ ಒಬ್ಬ ಪತ್ರಕರ್ತೆ ದೇಶವೆಲ್ಲ ಸುತ್ತಿ ಪ್ರತಿಯೊಂದನ್ನೂ ತಿಂದಳು. ಒಂದನ್ನು ಇನ್ನೊಂದರ ಎದುರು ಇಟ್ಟು ತೂಗಿದಳು. ಏನು ತಿಂದೆ, ಯಾಕೆ ಇದು ಮೇಲು ಅಂತ ಬರೆದಳು. ನೀವು ಕಳಿಸಿದ್ದರಲ್ಲಿ ತಿಂದವರ ಹೆಸರೇ ಇಲ್ಲ, ಒಂದು ತಿನಿಸಿನ ಹೆಸರೂ ಇಲ್ಲ. ಲಾ ಟಾಕೆರಿಯಾ 1973ರಿಂದ ಇರುವ ಅಂಗಡಿ, 2017ರಲ್ಲಿ ಅಡುಗೆಯವರಿಗೆ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೂ ಬಂತು. ಈಗಲೂ ಕೌಂಟರಿನಲ್ಲಿ ಹೇಳಿ, ನಂಬರ್ ಕೂಗಿದಾಗ ತಗೊಂಡು, ಸಿಕ್ಕ ಬೆಂಚಿನಲ್ಲಿ ಕೂರಬೇಕು. ಲಿಸ್ಟ್ ಬೇಡ ಅಂತ ನಾನು ಹೇಳಲೇ ಇಲ್ಲ. ತಿಂದವರು ಬರೆದ ಲಿಸ್ಟ್ ಬೇಕು.

ಸುಧಾ ಅತ್ತೆ: ಸರಿ, ಇವರಿಬ್ಬರೂ ಸಸ್ಯಾಹಾರಿಗಳು. ಅದರ ಮಾತು ಯಾರೂ ಎತ್ತಲೇ ಇಲ್ಲ.

ಪ್ರಶಾಂತ್: ವೆಜ್ ಅಂತ ಹೇಳಿದರೆ ಆಯಿತಲ್ಲ ಅತ್ತೆ. ಬೀನ್ಸ್, ಅನ್ನ, ಟೊಮೇಟೊ. ಅದರಲ್ಲಿ ಏನಿರುತ್ತದೆ?

ವಿದ್ಯಾ: ಇರುತ್ತದೆ ಪ್ರಶಾಂತ್, ಅದನ್ನೇ ಹೇಳಬೇಕು ಅಂತಿದ್ದೆ. ವೆಜ್ ಅಂದರೆ ಮಾಂಸದ ಚೂರು ಹಾಕುವುದಿಲ್ಲ, ಅಷ್ಟೇ. ಅರೆದು ಹುರಿದ ಬೀನ್ಸ್ ಇರುತ್ತದಲ್ಲ, ಅದಕ್ಕೆ ಹಳೆಯ ಕ್ರಮದಲ್ಲಿ ಹಂದಿಕೊಬ್ಬು ಹಾಕುತ್ತಾರೆ. ಕೆಂಪು ಅನ್ನವನ್ನು ಎಷ್ಟೋ ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ತಮಾಲೆ ಅನ್ನುವ ಮೆಕ್ಕೆಜೋಳದ ಕಡುಬಿನ ಹಿಟ್ಟಿಗೂ ಹಂದಿಕೊಬ್ಬು ಕಲಸುವುದು ಮಾಮೂಲು. ಮೈದಾ ಟೋರ್ಟಿಯಾದಲ್ಲೂ ಇರಬಹುದು.

ಸುಧಾ ಅತ್ತೆ: ಅಯ್ಯೋ ರಾಮ.

ವಿದ್ಯಾ: ಗಾಬರಿ ಬೇಡ ಅತ್ತೆ. ಮಿಷನ್‌ನಲ್ಲಿ ಎಣ್ಣೆಯಲ್ಲೇ ಮಾಡುವ ಅಂಗಡಿಗಳೂ ಇವೆ. ಬರೀ ನೀರು, ಉಪ್ಪು, ಈರುಳ್ಳಿ ಹಾಕಿ ಬೇಯಿಸಿದ ಇಡೀ ಬೀನ್ಸ್ ಕೂಡ ಸಿಗುತ್ತದೆ. ಕೇಳಬೇಕು ಅಷ್ಟೇ. ಇಂಗ್ಲಿಷ್ ಬರುತ್ತದೆ, ಆದರೂ ಅವರ ಭಾಷೆಯಲ್ಲಿ ಕೇಳಿದರೆ ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಮೇಘನಾ, ಬರೆದುಕೋ. "ಲೋಸ್ ಫ್ರಿಹೋಲೆಸ್ ತಿಯೆನೆನ್ ಮಾಂತೆಕಾ?" ಬೀನ್ಸ್‌ನಲ್ಲಿ ಹಂದಿಕೊಬ್ಬು ಇದೆಯಾ ಅಂತ. "ಎಲ್ ಅರೋಸ್ ತಿಯೆನೆ ಕಾಲ್ದೋ ದೆ ಪೋಯೋ?" ಅನ್ನದಲ್ಲಿ ಕೋಳಿ ಸಾರು ಇದೆಯಾ ಅಂತ. ಲಾ ಟಾಕೆರಿಯಾದಲ್ಲಿ ಎರಡನೆಯದು ಬೇಕಾಗಿಲ್ಲ, ಅವರ ಬರ್ರಿಟೋದಲ್ಲಿ ಅನ್ನವೇ ಇಲ್ಲ. ಚೀಸಿಗೆ ಹಾಲು ಒಡೆಸಲು ಯಾವ ರೆನೆಟ್ (ಅದು ಕರುವಿನ ಹೊಟ್ಟೆಯದೂ ಇರಬಹುದು), ಕಾವಲಿ ಬೇರೆಯಾ ಅಂತೆಲ್ಲ ನೋಡುವವರಾದರೆ ಮಾತ್ರ ಕಷ್ಟ. ಆಗ ಪೂರ್ತಿ ವೀಗನ್ ಅಂಗಡಿಯೇ ಸರಿ.

ಪ್ರಶಾಂತ್: ಕಾವಲಿ ತನಕ ನಾವು ನೋಡುವುದಿಲ್ಲ.

ಸುಧಾ ಅತ್ತೆ: ನೋಡಬೇಕು.

ಮೇಘನಾ: ಅಕ್ಕಾ, ಬರ್ರಿಟೋ ಬಿಟ್ಟು ಬೇರೆ ಏನು ತಿನ್ನಬಹುದು?

ವಿದ್ಯಾ: ಮೆನುವಿನಲ್ಲಿ ಮೂರು ಹೆಸರು ಹುಡುಕು. ನೊಪಾಲೆಸ್, ಅಂದರೆ ಪಾಪಸ್ಸುಕಳ್ಳಿಯ ಎಳೆ ಪಟ್ಟೆ, ಮುಳ್ಳು ತೆಗೆದು ಬೇಯಿಸಿದ್ದು. ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ರಾಹಾಸ್, ಸುಟ್ಟು ಸಿಪ್ಪೆ ಸುಲಿದ ದಪ್ಪ ಮೆಣಸಿನಕಾಯಿ ಸೀಳುಗಳು. ಫ್ಲೋರ್ ದೆ ಕಲಬಾಸಾ, ಕುಂಬಳದ ಹೂವು, ಚೀಸ್ ಜೊತೆ ಮಡಚಿ ಕಾಯಿಸಿ ಕೊಡುತ್ತಾರೆ. ಎಲ್ಲ ಕಡೆ ಸಿಗುವುದಿಲ್ಲ. ಆದರೆ ಮೆನುವಿನಲ್ಲಿ ಇವುಗಳಲ್ಲಿ ಒಂದಿದ್ದರೂ ಅಡುಗೆಮನೆಯಲ್ಲಿ ನಿಜವಾಗಿ ಅಡುಗೆ ಗೊತ್ತಿರುವವರು ಇದ್ದಾರೆ ಅಂತ ನನ್ನ ನಂಬಿಕೆ. ಚೀಲೆ ರೆಯೆನೋ, ಅಂದರೆ ಹೂರಣ ತುಂಬಿ ಕರಿದ ಮೆಣಸಿನಕಾಯಿ, ಬೇಡ, ಅದರ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಗುರು ಭಾವ: ಟೋರ್ಟಿಯಾ ಅಂದರೆ ಕೊನೆಗೂ ನಮ್ಮ ರೊಟ್ಟಿಯೇ ಅಲ್ವಾ? ಜೋಳದ ಬದಲು ಮೆಕ್ಕೆಜೋಳ. ಅದಕ್ಕೆ ಇಷ್ಟು ಜಗಳ ಯಾಕ್ರೀ?

ವಿದ್ಯಾ: ಇಲ್ಲೇ ಇರುವುದು ವಿಷಯ ಭಾವ. ಮೆಕ್ಕೆಜೋಳದ ಹಿಟ್ಟು ಬೀಸಿ ಬಿಸಿನೀರು ಹಾಕಿ ಕಲಸಿದರೆ ಅದು ಟೋರ್ಟಿಯಾ ಅಲ್ಲ. ಇಡೀ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ರಾತ್ರಿಯಿಡೀ ಹಾಗೇ ನೆನೆಯಬೇಕು. ಬೆಳಿಗ್ಗೆ ತೊಳೆದರೆ ಸಿಪ್ಪೆ ಜಾರಿಕೊಂಡು ಬರುತ್ತದೆ. ಆಮೇಲೆ ಹಸಿಯಾಗಿಯೇ ಅರೆಯುತ್ತಾರೆ, ಅದು ಮಾಸಾ. ಸುಣ್ಣ ತಾಗಿದ್ದಕ್ಕೇ ಹಿಟ್ಟು ಅಂಟಿಕೊಳ್ಳುತ್ತದೆ, ಆ ವಾಸನೆ ಬರುತ್ತದೆ. ಮೆಕ್ಕೆಜೋಳದಲ್ಲಿ ಅಡಗಿರುವ ನಯಾಸಿನ್ ಮೈಗೆ ಹತ್ತುವುದೂ ಸುಣ್ಣದಿಂದಲೇ. ಯೂರೋಪಿನವರು ಕಾಳು ಒಯ್ದರು, ಸುಣ್ಣದ ವಿದ್ಯೆ ಬಿಟ್ಟು ಬಂದರು. ಇಟಲಿಯಲ್ಲಿ ಬರೀ ಮೆಕ್ಕೆಜೋಳ ತಿಂದ ಬಡವರಿಗೆ ಪೆಲಾಗ್ರಾ ರೋಗ ಬಂತು.

ಗುರು ಭಾವ: ಇದು ಗೊತ್ತಿರಲಿಲ್ಲ. ಹಾಗಾದರೆ ಒಳ್ಳೆ ಅಂಗಡಿ ಅಂತ ಹೇಗೆ ಗುರುತಿಸುವುದು?

ವಿದ್ಯಾ: ಟೋರ್ಟಿಯಾ ಎಲ್ಲಿಂದ ಬರುತ್ತದೆ ನೋಡಿ. ಪ್ಲಾಸ್ಟಿಕ್ ಪ್ಯಾಕೆಟ್ ಒಡೆಯುತ್ತಿದ್ದಾರಾ, ಅಥವಾ ಯಾರಾದರೂ ಉಂಡೆ ಒತ್ತಿ ಕಾವಲಿಗೆ ಹಾಕುತ್ತಿದ್ದಾರಾ. ಬಾಗಿಲಲ್ಲಿ ನಿಂತರೆ ವಾಸನೆಗೇ ಗೊತ್ತಾಗುತ್ತದೆ. ಇಪ್ಪತ್ತನಾಲ್ಕನೇ ಬೀದಿಯಲ್ಲಿ ಲಾ ಪಾಲ್ಮಾ ಅಂತ ಇದೆ, 1953ರಿಂದ ಮಾಸಾ ಮಾಡುತ್ತಿದ್ದಾರೆ. ಹೆಂಗಸರು ಕೈಯಲ್ಲಿ ತಟ್ಟುವುದನ್ನು ನಿಂತು ನೋಡಬಹುದು. ಕೂತು ತಿನ್ನುವ ಹೋಟೆಲ್ ಅಲ್ಲ, ಕಟ್ಟಿಸಿಕೊಂಡು ಹೋಗುವ ಅಂಗಡಿ. ನಿಮ್ಮ ಲಿಸ್ಟ್‌ನಲ್ಲಿ ಇದು ಬರುವುದೇ ಇಲ್ಲ ಮಾವ, ಯಾಕೆಂದರೆ ಇಲ್ಲಿ ಕುರ್ಚಿಯೂ ಇಲ್ಲ, ಸೇತುವೆಯೂ ಕಾಣುವುದಿಲ್ಲ.

ರಘು ಮಾವ: ಕುರ್ಚಿ ಇಲ್ಲದ ಕಡೆ ನನ್ನ ಮಂಡಿ ನಿಲ್ಲುವುದಿಲ್ಲಮ್ಮಾ. ಅದನ್ನೂ ಒಂದು ಸ್ಟಾರ್ ಅಂತ ಹಿಡಿ.

ಶಶಿ: ಮಾವನ ಈ ಪಾಯಿಂಟ್ ಸರಿ. ವಿದ್ಯಾಳ ಪ್ರಕಾರ ಕಷ್ಟಪಟ್ಟು ತಿಂದರೇ ರುಚಿ.

ವಿದ್ಯಾ: ಅಣಬೆ ತಿನ್ನುವವರು ಸುಮ್ಮನಿರಿ.

ಮೇಘನಾ: ನನಗೊಂದು ಐಡಿಯಾ. ಪ್ರಶಾಂತ್ ಮೀಟಿಂಗ್‌ನಲ್ಲಿರುವಾಗ ಮಧ್ಯಾಹ್ನ ನಾನು ಹೋಗಿ ಬೀದಿ ನೋಡಿಕೊಂಡು ಬರುತ್ತೇನೆ. ಇಷ್ಟವಾದ ಅಂಗಡಿಗೆ ಸಂಜೆ ಇವನನ್ನು ಕರೆದುಕೊಂಡು ಹೋಗುತ್ತೇನೆ. ಅಲೆಯುವ ಕೆಲಸ ನನ್ನದು, ತಿನ್ನುವ ಕೆಲಸ ಇಬ್ಬರದು. ಹೋಟೆಲ್ ಪವೆಲ್ ಸ್ಟೇಷನ್ ಹತ್ತಿರ.

ವಿದ್ಯಾ: ಸರಿಯಾಗಿದೆ. ಪವೆಲ್‌ನಿಂದ ಬಾರ್ಟ್ ರೈಲು ಹತ್ತಿದರೆ ಮೂರನೇ ಸ್ಟೇಷನ್ 24ನೇ ಬೀದಿ. ಮೇಲೆ ಬಂದರೆ ಎಲ್ ಫರೊಲಿತೋ ಅನ್ನುವ ಬರ್ರಿಟೋ ಅಂಗಡಿ ಅಲ್ಲೇ, ಎರಡು ಹೆಜ್ಜೆಯಲ್ಲಿ ಲಾ ಟಾಕೆರಿಯಾ. ಮೊದಲು ಯಾವುದಕ್ಕೂ ನುಗ್ಗಬೇಡ. 24ನೇ ಬೀದಿಯಲ್ಲಿ ಪೂರ್ವಕ್ಕೆ ನಡೆ. ಬಾಮಿ ಆಲಿ ಅಂತ ಒಂದು ಓಣಿ ಸಿಗುತ್ತದೆ, ಗೋಡೆ ತುಂಬ ಚಿತ್ರ. ಲಾ ಪಾಲ್ಮಾ ಅದೇ ಸುತ್ತಮುತ್ತ. ದಾರಿಯಲ್ಲಿ ಎಲ್ ಸಾಲ್ವಡಾರ್‌ನವರ ಅಂಗಡಿಗಳೂ ಇವೆ, ಅವರ ದಪ್ಪ ರೊಟ್ಟಿ ಪುಪೂಸಾ, ಬೀನ್ಸ್-ಚೀಸ್ ತುಂಬಿ ಮಾಡುತ್ತಾರೆ. ಅಲ್ಲೂ ಮಾಂತೆಕಾ ಪ್ರಶ್ನೆ ಕೇಳು. ಕೈಯಲ್ಲಿ ನಗದು ಇರಲಿ, ಹಳೆಯ ಅಂಗಡಿಗಳಲ್ಲಿ ಕಾರ್ಡ್ ನಡೆಯದಿರಬಹುದು. ಬಾಡಿಗೆ ಕಾರು ತಂದರೆ ಒಳಗೆ ಬ್ಯಾಗ್ ಬಿಡಬೇಡಿ, ಗಾಜು ಒಡೆಯುತ್ತಾರೆ.

ಗುರು ಭಾವ: ಕುಡಿಯಲು ಏನು? ಮಾರ್ಗರಿಟಾ ಬಿಟ್ಟು ಹೇಳು, ಅತ್ತೆ ಇದ್ದಾರೆ.

ವಿದ್ಯಾ: ದೊಡ್ಡ ಗಾಜಿನ ಜಾಡಿಗಳಲ್ಲಿ ಬಣ್ಣಬಣ್ಣದ ನೀರು ಇಟ್ಟಿರುತ್ತಾರೆ. ಬಿಳಿಯದು ಓರ್ಚಾಟಾ, ನೆನೆಸಿ ಅರೆದ ಅಕ್ಕಿಗೆ ದಾಲ್ಚಿನ್ನಿ, ಸಕ್ಕರೆ. ಕಂದು ಬಣ್ಣದ್ದು ಹುಣಸೆ. ಕಡುಕೆಂಪು ಹಮಾಯ್ಕಾ. ಅದು ನಿಮ್ಮ ಕಡೆಯ ಪುಂಡಿ ಇದೆಯಲ್ಲ ಭಾವ, ಅದರದ್ದೇ ಕುಲದ ಗಿಡ. ಹೂವಿನ ಕೆಂಪು ತೊಟ್ಟೆಲೆ ಒಣಗಿಸಿ ಕುದಿಸುತ್ತಾರೆ.

ಗುರು ಭಾವ: ಪುಂಡಿಯಾ! ಮೇಘನಾ, ಅರ್ಧ ಕೆಜಿ ಒಣಗಿದ್ದು ತಗೊಂಡು ಬಾ.

ರಘು ಮಾವ: ಬರ್ರಿಟೋ ಎಷ್ಟಾಗುತ್ತದೆ ವಿದ್ಯಾ?

ವಿದ್ಯಾ: ಹನ್ನೆರಡು, ಹದಿನೈದು ಡಾಲರ್ ಆಸುಪಾಸು. ಒಂದರಲ್ಲಿ ಇಬ್ಬರಿಗೆ ಹೊಟ್ಟೆ ತುಂಬುತ್ತದೆ.

ರಘು ಮಾವ: ನನ್ನ ಲಿಸ್ಟ್‌ನ ಮೊದಲನೆಯದರಲ್ಲಿ ಇಬ್ಬರಿಗೆ ಎಂಬತ್ತು ಡಾಲರ್ ಅಂತ ಕೆಳಗೆ ಚಿಕ್ಕ ಅಕ್ಷರದಲ್ಲಿದೆ. ಪ್ರಶಾಂತ, ಮಿಷನ್‌ಗೇ ಹೋಗು.

ಶಶಿ: ಮಾವ ದುಡ್ಡಿಗೆ ಸೋತರು, ವಿದ್ಯಾಗೆ ಅಲ್ಲ. ದಾಖಲಿಸಿಕೊಳ್ಳಿ.

ಸುಧಾ ಅತ್ತೆ: ವಿದ್ಯಾ, ಆ ಮಾಂತೆಕಾ ಸಾಲು ಆಡಿಯೋ ಮಾಡಿ ಕಳಿಸು. ಮೇಘನಾ ಸರಿಯಾಗಿ ಹೇಳುತ್ತಾಳಾ ಅಂತ ಹೊರಡುವ ಮೊದಲು ಫೋನಿನಲ್ಲಿ ಹೇಳಿಸಿ ನೋಡುತ್ತೇನೆ.